ಶಾಲಾ ಪಂದ್ಯದಲ್ಲಿ 400 ಹೊಡೆದ ಹುಡುಗ ಮುಂದಿನ ದ್ರಾವಿಡ್ ಆಗುತ್ತಾನೆಯೇ?

“ಬಡ ರೈತನ ಮಗ. ವಯಸ್ಸು ಬರೀ 14. ಒಂದೇ ಪಂದ್ಯದಲ್ಲಿ 400 ರನ್! ಮುಂದಿನ ದ್ರಾವಿಡ್ ಇವನೇ. ಆದರೂ ಆಯ್ಕೆಗಾರರ ಕಣ್ಣಿಗೆ ಬಿದ್ದಿಲ್ಲ. ನಿಜವಾದ ಕನ್ನಡಿಗರಾಗಿದ್ದರೆ 10 ಗ್ರೂಪಿಗೆ ಕಳುಹಿಸಿ.”

ಹೆಚ್ಚುಕಡಿಮೆ ಇದೇ ಒಕ್ಕಣೆಯ ಸಂದೇಶ ಪ್ರತಿ ಕ್ರಿಕೆಟ್ ಋತುವಿನಲ್ಲೂ ಮೊಬೈಲಿಗೆ ಬರುತ್ತದೆ. ಊರು ಬದಲಾಗುತ್ತದೆ, ಹುಡುಗನ ಫೋಟೋ ಬದಲಾಗುತ್ತದೆ, ರನ್ನು ಒಮ್ಮೊಮ್ಮೆ 300, ಒಮ್ಮೊಮ್ಮೆ 500. ರನ್ ಹೊಡೆದದ್ದು ಬಹಳ ಸಲ ನಿಜವೇ ಇರುತ್ತದೆ. ಅದರಿಂದ ತೆಗೆಯುವ ತೀರ್ಮಾನ ಮಾತ್ರ ನಿಲ್ಲುವುದಿಲ್ಲ. ಎದುರಾಳಿ ಯಾರು, ಹುಡುಗನ ದೇಹಕ್ಕೆ ನಿಜವಾಗಿ ಎಷ್ಟು ವಯಸ್ಸು, ಇಂಥ ಆಟ ಎಷ್ಟು ಸಲ ಆಡಿದ್ದಾನೆ ಎಂಬುದು ಗೊತ್ತಿಲ್ಲದೆ ಹುಡುಗರ ಕ್ರಿಕೆಟ್ಟಿನ ಯಾವ ಅಂಕಿಯಿಂದಲೂ ಭವಿಷ್ಯ ಹೇಳಲು ಬರುವುದಿಲ್ಲ.

ಇದು ಬರೀ ಹರಟೆಯ ವಿಷಯವೂ ಅಲ್ಲ. ಇಂಥದೊಂದು ಸ್ಕೋರ್ ನೋಡಿ ಮಗನ ಶಾಲೆ ಬಿಡಿಸಿ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುವವರಿದ್ದಾರೆ. ಒಂದು ಟ್ರಯಲ್ಸ್‌ನಲ್ಲಿ ಸೊನ್ನೆಗೆ ಔಟಾದ ಮಗನ ಬ್ಯಾಟನ್ನು ಅಟ್ಟಕ್ಕೆ ಹಾಕುವವರೂ ಇದ್ದಾರೆ.

ದಾಖಲೆಗಳು ಹೇಳುವುದೇನು?

2016ರ ಜನವರಿಯಲ್ಲಿ ಮುಂಬಯಿ ಹತ್ತಿರದ ಕಲ್ಯಾಣದ ಪ್ರಣವ್ ಧನವಾಡೆ ಶಾಲಾ ಪಂದ್ಯವೊಂದರಲ್ಲಿ ಔಟಾಗದೆ 1009 ರನ್ ಹೊಡೆದ. 1899ರಲ್ಲಿ ಇಂಗ್ಲೆಂಡಿನ ಎ.ಇ.ಜೆ. ಕಾಲಿನ್ಸ್ ಮಾಡಿದ್ದ 628ರ ದಾಖಲೆ ಅಂದು ಮುರಿಯಿತು. ಆ ಸ್ಕೋರ್‌ಕಾರ್ಡಿನ ಉಳಿದ ಸಾಲುಗಳನ್ನೂ ಓದಬೇಕು: ಪ್ರಣವ್ ತಂಡ 3 ವಿಕೆಟ್‌ಗೆ 1465, ಎದುರಾಳಿ ಶಾಲೆ ಮೊದಲ ಸರದಿಯಲ್ಲಿ 31ಕ್ಕೆ, ಎರಡನೆಯದರಲ್ಲಿ 52ಕ್ಕೆ ಆಲೌಟ್. ಎದುರಾಳಿ ತಂಡದಲ್ಲಿ ವಯಸ್ಸಿನಲ್ಲಿ ತೀರಾ ಚಿಕ್ಕವರೇ ಹೆಚ್ಚಿದ್ದರು. ಪ್ರಣವ್ ಮುಂದೆ ಮುಂಬಯಿ ರಣಜಿ ತಂಡದವರೆಗೆ ಬರಲಿಲ್ಲ. ಅದರಲ್ಲಿ ಆ ಹುಡುಗನ ತಪ್ಪಿಲ್ಲ, ಎದುರು ಬಂದ ಚೆಂಡನ್ನು ಅವನು ಹೊಡೆದ. ಒಂದು ದಿನದ ಆಟದ ಮೇಲೆ ಅವನ ಇಡೀ ಬದುಕು ಬರೆದವರು ನಾವು.

ನಮ್ಮ ರಾಜ್ಯದ್ದೇ ಎರಡು ಉದಾಹರಣೆಗಳಿವೆ. 2022ರ ನವೆಂಬರ್‌ನಲ್ಲಿ ಶಿವಮೊಗ್ಗದಲ್ಲಿ ನಡೆದ 16 ವರ್ಷದೊಳಗಿನವರ 50 ಓವರ್ ಪಂದ್ಯದಲ್ಲಿ ಸಾಗರದ ಬಾಲಕನೊಬ್ಬ 165 ಎಸೆತಗಳಲ್ಲಿ 407 ಬಾರಿಸಿದ. ಎದುರಾಳಿ ತಂಡ ಆಲೌಟಾದದ್ದು 73ಕ್ಕೆ. 2024ರ ಜನವರಿಯಲ್ಲಿ, ಅದೇ ಶಿವಮೊಗ್ಗದಲ್ಲಿ, 19 ವರ್ಷದೊಳಗಿನವರ ಕೂಚ್ ಬಿಹಾರ್ ಟ್ರೋಫಿ ಫೈನಲ್‌ನಲ್ಲಿ ಪ್ರಖರ್ ಚತುರ್ವೇದಿ ಮುಂಬಯಿ ವಿರುದ್ಧ 638 ಎಸೆತ ಎದುರಿಸಿ ಅಜೇಯ 404 ಗಳಿಸಿದರು. ಕರ್ನಾಟಕಕ್ಕೆ ಆ ಟ್ರೋಫಿ ಮೊದಲ ಬಾರಿ ಒಲಿಯಿತು.

407 ದೊಡ್ಡದೋ 404 ದೊಡ್ಡದೋ? ವಾಟ್ಸಾಪ್ ಗ್ರೂಪಿನಲ್ಲಿ 407. ಆಯ್ಕೆಗಾರರ ಲೆಕ್ಕದಲ್ಲಿ 404, ಅದೂ ಬಹಳ ಅಂತರದಿಂದ. ಮುಂಬಯಿ 380 ರನ್ ಗಳಿಸಿದ್ದ ತಂಡ, ದೇಶದ ಆ ವಯಸ್ಸಿನ ಅತ್ಯುತ್ತಮ ಬೌಲರ್‌ಗಳಲ್ಲಿ ಕೆಲವರು ಅಲ್ಲಿದ್ದರು. ಅವರ ಎದುರು 100 ಓವರ್‌ಗೂ ಹೆಚ್ಚು ಎಸೆತ ಆಡಿ ಔಟಾಗದೆ ಉಳಿಯುವುದು ಬೇರೆ ಜಾತಿಯ ಕೆಲಸ.

ಹಾಗಂತ ಶಾಲಾ ಕ್ರಿಕೆಟ್ಟಿನ ದೊಡ್ಡ ಮೊತ್ತವೆಲ್ಲ ಸುಳ್ಳು ಎಂದೂ ಅಲ್ಲ. 1988ರಲ್ಲಿ ಸಚಿನ್ ಮತ್ತು ಕಾಂಬ್ಳಿ 664 ರನ್ ಸೇರಿಸಿದ್ದು ಶಾಲಾ ಪಂದ್ಯದಲ್ಲೇ. 2013ರಲ್ಲಿ ಶಾಲಾ ಪಂದ್ಯದಲ್ಲಿ 546 ಹೊಡೆದ ಪೃಥ್ವಿ ಶಾ 2018ರಲ್ಲಿ ಮೊದಲ ಟೆಸ್ಟ್‌ನಲ್ಲೇ ಶತಕ ಗಳಿಸಿದರು. ಆದರೆ ಅವು ಮುಂಬಯಿಯ ಹ್ಯಾರಿಸ್ ಶೀಲ್ಡ್‌ನಲ್ಲಿ ಬಂದ ಮೊತ್ತಗಳು, ಶಾಲಾ ಹುಡುಗರ ಟೂರ್ನಿಗಳಲ್ಲಿ ಅತಿ ಪೈಪೋಟಿಯದು.

ಸುಳ್ಳದ ಹುಡುಗನ ಸ್ಕೋರನ್ನು ಓದುವುದು ಹೇಗೆ?

ಹುಬ್ಬಳ್ಳಿ ತಾಲ್ಲೂಕಿನ ಸುಳ್ಳ ಗ್ರಾಮವನ್ನೇ ತೆಗೆದುಕೊಳ್ಳೋಣ. (ಹೆಸರು ನೋಡಿ ಇದೇ ಸುಳ್ಳು ಸುದ್ದಿ ಅನ್ನಬೇಡಿ, ಊರು ನಿಜ.) ಸುತ್ತಲೂ ಎರೆ ಹೊಲ. ಬೆಳೆ ತೆಗೆದ ಮೇಲೆ ಬಿರುಕು ಬಿಟ್ಟ ಆ ನೆಲದಲ್ಲಿ ಚೆಂಡು ಯಾವ ಕಡೆ ಪುಟಿಯುತ್ತದೋ ಹೇಳಲಾಗದು. ಇಲ್ಲಿನ ಹುಡುಗನೊಬ್ಬ ಟೆನಿಸ್ ಬಾಲ್ ಟೂರ್ನಿಯಲ್ಲಿ 30 ಎಸೆತಕ್ಕೆ 90 ಹೊಡೆದ ಎಂದು ಊಹಿಸಿಕೊಳ್ಳಿ. ಅವನು ಒಳ್ಳೆಯ ಆಟಗಾರನೇ?

ಕಣ್ಣು ಮತ್ತು ಕೈ ಜೊತೆಯಾಗಿ ಓಡುತ್ತವೆ ಎಂಬುದಂತೂ ಖಚಿತ. ಇಂಥ ನೆಲದಲ್ಲಿ ಪಳಗಿದವನಿಗೆ ಕೊನೆಯ ಕ್ಷಣದಲ್ಲಿ ಹೊಂದಿಕೊಳ್ಳುವ ಚುರುಕೂ ಇರಬಹುದು. ಆದರೆ ಟೆನಿಸ್ ಚೆಂಡಿನ ತೂಕ 58 ಗ್ರಾಂ ಆಸುಪಾಸು, ಲೆದರ್ ಚೆಂಡಿನದು 156ರಿಂದ 163 ಗ್ರಾಂ. ಟೆನಿಸ್ ಚೆಂಡಿಗೆ ಹೊಲಿಗೆ ಇಲ್ಲ. ಆದ್ದರಿಂದ ಪಿಚ್ ಬಿದ್ದ ಮೇಲೆ ಲೆದರ್ ಚೆಂಡಿನಂತೆ ಒಳಗೆ ಹೊರಗೆ ತಿರುಗುವುದಿಲ್ಲ. ಮೈಗೆ ಬಿದ್ದರೆ ಪೆಟ್ಟಾಗುತ್ತದೆ ಎಂಬ ಹೆದರಿಕೆಯೂ ಇಲ್ಲ. ಹೀಗಾಗಿ ಆ 90 ರನ್ ಲೆದರ್ ಚೆಂಡಿನ ಎದುರು 90 ಆಗುತ್ತದೆ ಎನ್ನಲಾಗದು, 9 ಆಗುತ್ತದೆ ಎಂದೂ ಹೇಳಲಾಗದು. ಮ್ಯಾಟಿಂಗ್ ಪಿಚ್‌ನಿಂದ ಟರ್ಫ್ ಪಿಚ್‌ಗೆ ಹೋದಾಗಲೂ ಇದೇ ಪ್ರಶ್ನೆ. ಮ್ಯಾಟ್ ಮೇಲೆ ಚೆಂಡು ಹೆಚ್ಚು ಎತ್ತರಕ್ಕೆ, ಒಂದೇ ರೀತಿ ಪುಟಿಯುತ್ತದೆ. ಅಲ್ಲಿ ಬೆಳೆದವನಿಗೆ ಕಟ್, ಪುಲ್ ಚೆನ್ನಾಗಿ ಬರುತ್ತದೆ, ಟರ್ಫ್‌ನಲ್ಲಿ ಕೆಳಗೆ ಉಳಿಯುವ ಚೆಂಡು ಪೀಡಿಸುತ್ತದೆ.

ಈ ಲೆಕ್ಕಾಚಾರವನ್ನು ಶಾಸ್ತ್ರದಂತೆ ಬೆಳೆಸಿದವರು ಅಮೆರಿಕದ ಬೇಸ್‌ಬಾಲ್ ಮಂದಿ. ಅಲ್ಲಿ 30 ದೊಡ್ಡ ತಂಡಗಳಿವೆ, ಅವುಗಳ ಕೆಳಗೆ 120 ಕಿರಿಯರ ತಂಡಗಳು, ಮೆಟ್ಟಿಲು ಮೆಟ್ಟಿಲಾಗಿ. ಈ ‘ಮೈನರ್ ಲೀಗ್’ ಹುಡುಗರಲ್ಲಿ ಯಾರು ಮೇಲೆ ಬರುತ್ತಾರೆ ಎಂದು ಪಟ್ಟಿ ಮಾಡುವುದೇ ದೊಡ್ಡ ಉದ್ಯಮ. ಅವರು ಮೊದಲು ನೋಡುವುದು ಅಂಕಿಯನ್ನಲ್ಲ, ಆ ಮೆಟ್ಟಿಲಲ್ಲಿ ಹುಡುಗನ ವಯಸ್ಸನ್ನು. 23 ವರ್ಷದವರ ನಡುವೆ 19ರ ಹುಡುಗ ಸಾಧಾರಣವಾಗಿ ಆಡಿದರೂ ಅದು ಶುಭಸೂಚನೆ. 19ರವರ ನಡುವೆ 23ರವನು ಮೆರೆದರೆ ಯಾರೂ ಹುಬ್ಬೇರಿಸುವುದಿಲ್ಲ. ನಮ್ಮಲ್ಲಿ 14ರ ಹುಡುಗ 19 ವರ್ಷದೊಳಗಿನವರ ಪಂದ್ಯದಲ್ಲಿ ಅರ್ಧ ಗಂಟೆ ನಿಂತು ಆಡಿ 25 ಮಾಡಿದರೆ ಅದರ ಫೋಟೋ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ನನ್ನ ಮಟ್ಟಿಗೆ ಆ ದಿನ ಗಮನಿಸಬೇಕಾದ ಸ್ಕೋರ್ ಅದೇ.

ಆಗಸ್ಟ್‌ನಲ್ಲಿ ಹುಟ್ಟಿದವನ ಕಷ್ಟ

ಭಾರತೀಯ ಕ್ರಿಕೆಟ್ ಮಂಡಳಿಯ ವಯೋಮಿತಿ ಪಂದ್ಯಗಳಿಗೆ ಸೆಪ್ಟೆಂಬರ್ 1 ಗಡಿ. ಸೆಪ್ಟೆಂಬರ್ 2ರಂದು ಹುಟ್ಟಿದವನೂ ಮುಂದಿನ ವರ್ಷದ ಆಗಸ್ಟ್ 30ರಂದು ಹುಟ್ಟಿದವನೂ ಒಂದೇ ಗುಂಪಿನಲ್ಲಿ ಆಡುತ್ತಾರೆ. ಇಬ್ಬರ ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಅಂತರ. 30ರ ವಯಸ್ಸಿನಲ್ಲಿ ಅದು ಲೆಕ್ಕಕ್ಕಿಲ್ಲ, 13ರಲ್ಲಿ ಬಹಳ. ದೊಡ್ಡವನು ಗಟ್ಟಿಯಾಗಿ ಹೊಡೆಯುತ್ತಾನೆ, ಆಯ್ಕೆಯಾಗುತ್ತಾನೆ, ಆಯ್ಕೆಯಾದ್ದರಿಂದ ಒಳ್ಳೆಯ ಕೋಚ್, ಒಳ್ಳೆಯ ಪಿಚ್, ಹೆಚ್ಚು ಪಂದ್ಯ ಸಿಗುತ್ತವೆ. ಎರಡು ವರ್ಷದ ನಂತರ ಅವನು ನಿಜಕ್ಕೂ ಮುಂದಿರುತ್ತಾನೆ. ಕೆನಡಾದ ಐಸ್ ಹಾಕಿಯಲ್ಲಿ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ 1980ರ ದಶಕದಲ್ಲಿ ಇದನ್ನು ತೋರಿಸಿದರು. ಅಲ್ಲಿ ಗಡಿ ಜನವರಿ 1, ಆಯ್ಕೆಯಾದ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರದೇ ದೊಡ್ಡ ಪಾಲು. ಆಮೇಲೆ ಫುಟ್‌ಬಾಲ್ ಸೇರಿದಂತೆ ಹಲವು ಆಟಗಳಲ್ಲಿ ಇದೇ ಕಂಡುಬಂತು. ಜಾತಕದ ರಾಶಿಫಲಕ್ಕೂ ಇದಕ್ಕೂ ಸಂಬಂಧವಿಲ್ಲ. ಗಡಿ ದಿನಾಂಕ ಬದಲಿಸಿದರೆ ‘ಅದೃಷ್ಟದ ತಿಂಗಳು’ ಕೂಡ ಬದಲಾಗುತ್ತದೆ.

ಇದಕ್ಕಿಂತ ದೊಡ್ಡದು ಮೈ ಬಲಿಯುವ ಹೊತ್ತಿನ ವ್ಯತ್ಯಾಸ. ಗಂಡು ಮಕ್ಕಳು ಸಾಮಾನ್ಯವಾಗಿ 13–14ರ ಆಸುಪಾಸಿನಲ್ಲಿ ದಿಢೀರನೆ ಎತ್ತರವಾಗುತ್ತಾರೆ. ಕೆಲವರಿಗೆ 12ಕ್ಕೇ ಮೀಸೆ ಚಿಗುರುತ್ತದೆ, ಕೆಲವರಿಗೆ 16ಕ್ಕೆ. ಇಬ್ಬರೂ ಆರೋಗ್ಯವಂತರೇ. 13ರಲ್ಲಿ ಎಲ್ಲರನ್ನೂ ಹೆದರಿಸುತ್ತಿದ್ದ ವೇಗದ ಬೌಲರ್ 17ಕ್ಕೆ ಸಾಧಾರಣನಾಗುವುದಕ್ಕೆ ಬಹಳ ಸಲ ಇದೇ ಕಾರಣ. ಅವನು ಹಿಂದೆ ಬಿದ್ದಿಲ್ಲ, ಉಳಿದವರು ಬಂದು ಸೇರಿದ್ದಾರೆ. ಅದೇ ರೀತಿ, ಬಲ ಸಾಲದೆ ಜಾಗ ನೋಡಿ ಆಡುವುದನ್ನು ಕಲಿತ ಪುಟ್ಟ ಹುಡುಗನಿಗೆ ಬಲ ಬಂದ ಮೇಲೆ ಎರಡೂ ಕೈಯಲ್ಲಿರುತ್ತವೆ.

ಮೂಳೆ ಪರೀಕ್ಷೆ ಹುಟ್ಟಿದ ದಿನ ಹೇಳುತ್ತದೆಯೇ?

ಇಲ್ಲ. ಇದು ಬಹಳ ಜನರ ತಪ್ಪು ತಿಳಿವಳಿಕೆ. ನಮ್ಮ ಅಜ್ಜಂದಿರ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮಾಸ್ತರರೇ ಜೂನ್ 1 ಎಂದು ಬರೆದುಬಿಡುತ್ತಿದ್ದರು, ಅದರಿಂದ ಅರ್ಧ ಊರಿಗೆ ಒಂದೇ ಹುಟ್ಟುಹಬ್ಬ. ಈಗ ಜನನ ಪ್ರಮಾಣಪತ್ರ ಇದೆ, ಆದರೆ ವಯಸ್ಸು ಇಳಿಸಿ ಆಡಿಸುವ ಚಾಳಿ ಹೋಗಿಲ್ಲ. ಅದನ್ನು ತಡೆಯಲು ಕ್ರಿಕೆಟ್ ಮಂಡಳಿ 2012ರಿಂದ ‘ಟಿಡಬ್ಲ್ಯು-3’ ಎಂಬ ವಿಧಾನ ಬಳಸುತ್ತಿದೆ. ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌-ರೇ ತೆಗೆದು 13 ಮೂಳೆಗಳು ಎಷ್ಟರಮಟ್ಟಿಗೆ ಬಲಿತಿವೆ ಎಂದು ಅಂಕ ಕೊಡುತ್ತಾರೆ. ವಿಕಿರಣ ಅತ್ಯಲ್ಪ, ಹೆದರಬೇಕಾದ್ದಿಲ್ಲ.

ಆದರೆ ಅದು ಅಳೆಯುವುದು ಮೂಳೆಯ ಪಕ್ವತೆಯನ್ನು, ಕ್ಯಾಲೆಂಡರನ್ನಲ್ಲ. ಬೇಗ ಬಲಿತ ಪ್ರಾಮಾಣಿಕ ಹುಡುಗನ ಮೂಳೆ ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು, ಮುಂದೆ ತೋರಿಸಬಹುದು. ತಡವಾಗಿ ಬಲಿಯುವ ಮೋಸಗಾರ ಪಾಸಾಗಿಯೂಬಿಡಬಹುದು. ಆದ್ದರಿಂದ ಪರೀಕ್ಷೆಯಲ್ಲಿ ಹೊರಬಿದ್ದ ಎಂದ ಮಾತ್ರಕ್ಕೆ ಹುಡುಗನ ಫೋಟೋ ಹಾಕಿ “ವಂಚಕ” ಎಂದು ಹಂಚುವುದು ಅನ್ಯಾಯ. ಸುಳ್ಳು ದಾಖಲೆ ಕೊಟ್ಟು ಸಿಕ್ಕಿಬಿದ್ದವರ ವಿಷಯ ಬೇರೆ. ಅವರಿಗೆ ಎರಡು ವರ್ಷದ ನಿಷೇಧವಿದೆ.

“ಪೇಪರ್‌ನಲ್ಲಿ ಫೋಟೋ ಬಂತು, ದೃಷ್ಟಿ ಆತು”

ನಮ್ಮ ಕಡೆ ಇದನ್ನು ಕೇಳದವರಿಲ್ಲ. ಹುಡುಗ ಶತಕ ಹೊಡೆದ, ಪೇಪರ್‌ನಲ್ಲಿ ಫೋಟೋ ಬಂತು, ಮುಂದಿನ ಮೂರು ಪಂದ್ಯ ಸೊನ್ನೆ, ಐದು, ಹನ್ನೆರಡು. ಮನೆಯಲ್ಲಿ ಮೆಣಸಿನಕಾಯಿ ನಿವಾಳಿಸುತ್ತಾರೆ.

ಇದಕ್ಕೆ ಸರಳ ಲೆಕ್ಕವಿದೆ. ಒಬ್ಬ ಬ್ಯಾಟರ್‌ನ ನಿಜವಾದ ಸಾಮರ್ಥ್ಯ ಸರಾಸರಿ 40 ರನ್, ಮತ್ತು ಔಟಾಗುವ ಅಪಾಯ ಪ್ರತಿ ರನ್ನಿಗೂ ಒಂದೇ ಎಂದು ಇಟ್ಟುಕೊಳ್ಳಿ. ಅಂಥವನೂ ಐದರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಸಲ 10ರೊಳಗೆ ಔಟಾಗುತ್ತಾನೆ. ಶತಕ ಬರುವುದು 12 ಸರದಿಗೆ ಒಂದು. ಶತಕದ ದಿನ ಅವನ ಆಟಕ್ಕೆ ಅದೃಷ್ಟವೂ ಜೊತೆಗೂಡಿತ್ತು, ಮುಂದಿನ ಸಲ ಅದು ಅಷ್ಟೇ ಪ್ರಮಾಣದಲ್ಲಿ ಬರಬೇಕೆಂದಿಲ್ಲ. ಫೋಟೋ ಬರುವುದು ಯಾವಾಗಲೂ ಅತಿ ಒಳ್ಳೆಯ ದಿನದ ಮಾರನೆಯ ದಿನ. ಆದ್ದರಿಂದ ಫೋಟೋದ ನಂತರ ಇಳಿಯುವುದೇ ಸಹಜ. ಕರುಣ್ ನಾಯರ್ 2016ರ ಡಿಸೆಂಬರ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಚೆನ್ನೈನಲ್ಲಿ ಅಜೇಯ 303 ಗಳಿಸಿ, ಕೆಲವೇ ಟೆಸ್ಟ್‌ಗಳ ನಂತರ ತಂಡದಿಂದ ಹೊರಬಿದ್ದರು. ಮತ್ತೆ ಒಳಗೆ ಬಂದದ್ದು 2025ರಲ್ಲಿ.

ಇದೇ ಲೆಕ್ಕದ ಇನ್ನೊಂದು ಮುಖ ಟ್ರಯಲ್ಸ್. ಸರಾಸರಿ 40ರ ಅದೇ ಹುಡುಗ ಸತತ ಎರಡು ಸರದಿಗಳಲ್ಲಿ 10ರೊಳಗೆ ಔಟಾಗುವ ಸಾಧ್ಯತೆ 20ಕ್ಕೆ 1. ಅಂದರೆ ಅಂಥ 20 ಒಳ್ಳೆಯ ಹುಡುಗರನ್ನು ಎರಡೆರಡು ಸಲ ಆಡಿಸಿದರೆ, ಏನೂ ತಪ್ಪಿಲ್ಲದೆ ಒಬ್ಬ ‘ಫೇಲ್’ ಆಗುತ್ತಾನೆ. 10 ಸರದಿಗಳ ಸರಾಸರಿ ನೋಡಿದರೂ ಅವನು 27ರವನಂತೆ ಕಾಣಬಹುದು, 53ರವನಂತೆಯೂ ಕಾಣಬಹುದು. ಭದ್ರಾವತಿಯ ಗುಂಡಪ್ಪ ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್ ಆಡಿದಾಗ ಮೊದಲ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಬರೀ ಮೊದಲ ಸರದಿಯ ವಿಡಿಯೋ ಫಾರ್ವರ್ಡ್ ಆಗಿದ್ದರೆ ಏನೆನ್ನುತ್ತಿದ್ದೆವು ಯೋಚಿಸಿ.

ಹಾಗಾದರೆ ಬಲ್ಲವರು ನೋಡುವುದೇನು?

ಬೇಸ್‌ಬಾಲ್ ಶೋಧಕರ ಬಳಿ 20ರಿಂದ 80ರವರೆಗಿನ ಒಂದು ಅಳತೆಗೋಲಿದೆ. 50 ಎಂದರೆ ದೊಡ್ಡ ಲೀಗಿನ ಸಾಧಾರಣ ಆಟಗಾರನ ಮಟ್ಟ. ಹೊಡೆಯುವ ನಿಖರತೆ, ಹೊಡೆತದ ಬಲ, ಓಟ, ಹಿಡಿತ, ಎಸೆತ, ಹೀಗೆ ಒಂದೊಂದಕ್ಕೂ ಬೇರೆ ಬೇರೆ ಅಂಕ. ಒಂದೊಂದರಲ್ಲೂ ಎರಡು ಸಂಖ್ಯೆ: ಇಂದು ಎಷ್ಟು, ಪೂರ್ತಿ ಬೆಳೆದ ಮೇಲೆ ಎಷ್ಟಾಗಬಹುದು. ಈ ಎರಡನ್ನು ಬೇರೆ ಇಡುವುದೇ ಅದರ ಜಾಣ್ಮೆ.

ಇಷ್ಟೆಲ್ಲ ಮಾಡಿಯೂ ಅವರು ಎಡವುತ್ತಾರೆ. 1999ರ ಆಯ್ಕೆಯಲ್ಲಿ ಆಲ್ಬರ್ಟ್ ಪೂಹೋಲ್ಸ್ ಸಿಕ್ಕಿದ್ದು 402ನೆಯವರಾಗಿ, ಮುಂದೆ ಅವರು 703 ಹೋಮ್ ರನ್ ಹೊಡೆದರು. ಇನ್ನೊಂದು ಕಥೆ ನಮ್ಮ ದೇಶದ್ದು. 2008ರಲ್ಲಿ ಟಿ.ವಿ. ಸ್ಪರ್ಧೆಯೊಂದರ ಮೂಲಕ ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ (ಈ ರಿಂಕು ಕ್ರಿಕೆಟಿಗ ರಿಂಕು ಅಲ್ಲ) ಅಮೆರಿಕದ ಪಿಟ್ಸ್‌ಬರ್ಗ್ ತಂಡದ ಒಪ್ಪಂದ ಪಡೆದರು. ತೋಳಿನ ವೇಗ ಇತ್ತು, ಆಟದ ಅನುಭವ ಇರಲಿಲ್ಲ. ಮೈನರ್ ಲೀಗ್‌ನಲ್ಲಿ ಆಡಿದರು, ಮೇಲಿನ ಲೀಗ್‌ಗೆ ಇಬ್ಬರೂ ಬರಲಾಗಲಿಲ್ಲ. ವೇಗವೊಂದೇ ಸಾಲದು ಎಂಬುದಕ್ಕೆ ತಿರುವುಮುರುವಾದ ಸಾಕ್ಷಿ ನಮ್ಮಲ್ಲೇ ಇದೆ: ದಾವಣಗೆರೆಯ ವಿನಯ್ ಕುಮಾರ್. ಸ್ಪೀಡ್ ಗನ್ ನೋಡಿ ಯಾರೂ ಬೆರಗಾಗುತ್ತಿರಲಿಲ್ಲ, ಆದರೆ ಪ್ರಥಮ ದರ್ಜೆಯಲ್ಲಿ 500ಕ್ಕೂ ಹೆಚ್ಚು ವಿಕೆಟ್, ನಾಯಕನಾಗಿ ಸತತ ಎರಡು ರಣಜಿ ಟ್ರೋಫಿ.

ಕ್ರಿಕೆಟ್ ಆಯ್ಕೆಗಾರರೂ ಇದೇ ಜಾಡಿನಲ್ಲಿ ಹೋಗುತ್ತಾರೆ. ಚೆಂಡು ಬ್ಯಾಟಿಗೆ ತಡವಾಗಿ ಬರಲು ಬಿಡುತ್ತಾನೆಯೇ, ತಲೆ ಅಲುಗಾಡುತ್ತದೆಯೇ, ಶಾರ್ಟ್ ಬಾಲಿಗೆ ಕಣ್ಣು ಮುಚ್ಚುತ್ತಾನೆಯೇ, ಹೋದ ವರ್ಷದ ತಪ್ಪು ಈ ವರ್ಷವೂ ಇದೆಯೇ. ಕೊನೆಯದು ಸ್ಕೋರ್‌ಕಾರ್ಡಿನಲ್ಲಿ ಕಾಣುವುದೇ ಇಲ್ಲ. ನನ್ನ ಅಂದಾಜಿನಲ್ಲಿ ಬೆಲೆ ಹೆಚ್ಚು ಅದಕ್ಕೇ.

ಹಳ್ಳಿಯವರಿಗೆ ದಾರಿ ಇದೆಯೇ?

ದಾರಿ ಇದೆ, ಉದ್ದವಾಗಿದೆ. ರಾಜ್ಯ ಕ್ರಿಕೆಟ್ ಸಂಸ್ಥೆಯಲ್ಲಿ ಧಾರವಾಡ ಒಂದು ವಲಯ, ಹುಬ್ಬಳ್ಳಿಯ ರಾಜನಗರದಲ್ಲಿ ಅದರ ಮೈದಾನವಿದೆ. ನೋಂದಾಯಿತ ಕ್ಲಬ್ ಸೇರಿ ಲೆದರ್ ಬಾಲ್ ಲೀಗ್ ಆಡುವುದು, ಅಲ್ಲಿಂದ ವಲಯದ ವಯೋಮಿತಿ ತಂಡ, ಆಮೇಲೆ ರಾಜ್ಯ ತಂಡ: 16ರೊಳಗೆ ವಿಜಯ್ ಮರ್ಚೆಂಟ್ ಟ್ರೋಫಿ, 19ರೊಳಗೆ ಕೂಚ್ ಬಿಹಾರ್, 23ರೊಳಗೆ ಸಿ.ಕೆ. ನಾಯ್ಡು, ನಂತರ ರಣಜಿ.

“14 ದಾಟಿದರೆ ಮುಗೀತು” ಎಂಬ ಮಾತನ್ನು ನಂಬಬೇಡಿ. ಗದಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಗ್ಗೆ ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡಿ ಶಾಲೆ ಹೊತ್ತಿಗೆ ಗದಗಿಗೆ ಮರಳುತ್ತಿದ್ದವರು. ರಣಜಿಗೆ ಬಂದದ್ದು 22ರ ಹೊತ್ತಿಗೆ. 1995–96ರ ರಣಜಿಯಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಎರಡನ್ನೂ ಮಾಡಿ 26ರಲ್ಲಿ ಟೆಸ್ಟ್ ಆಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, 6 ಮೇಡನ್, 6 ರನ್, 5 ವಿಕೆಟ್. 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು. ಇನ್ನು ಕೆ.ಎಲ್. ರಾಹುಲ್ ಮತ್ತು ಮಯಂಕ್ ಅಗರ್ವಾಲ್ 2010ರ 19 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಒಂದೇ ತಂಡದಲ್ಲಿದ್ದವರು. ರಾಹುಲ್ 2014ರ ಡಿಸೆಂಬರ್ 26ರಂದು ಮೆಲ್ಬರ್ನ್‌ನಲ್ಲಿ ಮೊದಲ ಟೆಸ್ಟ್ ಆಡಿದರು. ಮಯಂಕ್ ಕೂಡ ಡಿಸೆಂಬರ್ 26ರಂದು, ಅದೇ ಮೆಲ್ಬರ್ನ್‌ನಲ್ಲೇ, ಆದರೆ 2018ರಲ್ಲಿ. ನಡುವೆ 2017ರ ನವೆಂಬರ್ ತಿಂಗಳೊಂದರಲ್ಲೇ ರಣಜಿಯಲ್ಲಿ 1000ಕ್ಕೂ ಹೆಚ್ಚು ರನ್ ಗಳಿಸಿಯೂ ಒಂದು ವರ್ಷ ಕಾಯಬೇಕಾಯಿತು.

ಮಗ ವೇಗದ ಬೌಲರ್ ಆಗಿದ್ದರೆ ಒಂದು ಮಾತು ಬೇರೆ ಹೇಳಬೇಕು. ಎತ್ತರ ಏರುವ ವರ್ಷಗಳಲ್ಲಿ ಬೆನ್ನಿನ ಕೆಳಭಾಗದ ಮೂಳೆ ಪೂರ್ತಿ ಗಟ್ಟಿಯಾಗಿರುವುದಿಲ್ಲ. ದಿನವೂ ಮಿತಿಯಿಲ್ಲದೆ ಬೌಲ್ ಮಾಡಿಸಿದರೆ ಸೂಕ್ಷ್ಮ ಬಿರುಕು ಬೀಳಬಹುದು. ಬುಮ್ರಾ, ನಮ್ಮ ಪ್ರಸಿದ್ಧ್ ಕೃಷ್ಣ ಇಬ್ಬರನ್ನೂ ಈ ಗಾಯ ತಿಂಗಳುಗಟ್ಟಲೆ ಕೂರಿಸಿದೆ. ಎರಡು ವಾರಕ್ಕಿಂತ ಹೆಚ್ಚು ಸೊಂಟದ ಒಂದೇ ಕಡೆ ನೋವು ಇದ್ದರೆ ಎಣ್ಣೆ ತಿಕ್ಕಿ ಮತ್ತೆ ಮೈದಾನಕ್ಕೆ ಕಳುಹಿಸಬೇಡಿ. ಬೌಲಿಂಗ್ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.

ಕೊನೆಗೆ, ಫಾರ್ವರ್ಡ್‌ನ ಕೆಳಗೆ ಒಂದು ಮೊಬೈಲ್ ನಂಬರ್ ಇದ್ದು “ರಾಜ್ಯ ತಂಡಕ್ಕೆ ನೇರ ಆಯ್ಕೆ, ನೋಂದಣಿ ಶುಲ್ಕ ಮಾತ್ರ” ಎಂದಿದ್ದರೆ ಅದು ಬಲೆ. ರಾಜ್ಯ ತಂಡದ ಜಾಗ ದುಡ್ಡಿಗೆ ಮಾರಾಟಕ್ಕಿಲ್ಲ. ಟೂರ್ನಿ ಮತ್ತು ಟ್ರಯಲ್ಸ್ ಪ್ರಕಟಣೆ ನಿಜವೋ ಅಲ್ಲವೋ ಎಂದು ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿ ಅಥವಾ ವಲಯದ ಕಚೇರಿಯಲ್ಲಿ ವಿಚಾರಿಸಿ. ಹಣ ಈಗಾಗಲೇ ಕಳುಹಿಸಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದರೆ ಹಣ ಮುಂದಿನ ಖಾತೆಗೆ ಹೋಗುವ ಮೊದಲು ತಡೆಹಿಡಿಯುವ ಸಾಧ್ಯತೆ ಇರುತ್ತದೆ.